ಅಪ್ಪನ ಸಿಒಪಿಡಿ ಒಂದೇ ವರ್ಷದಲ್ಲಿ ಮೂರು ಸಲ ಕೆರಳಿತು. ನಾವು ಏನನ್ನು ಗಮನಿಸಲಿಲ್ಲ?

ಹಿರಿಮಗಳು

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ಅಪ್ಪನಿಗೆ 68 ವರ್ಷ. ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ, ಇದೆ ಅಂತ ಗೊತ್ತಾಗಿ ಏಳು ವರ್ಷ ಆಯಿತು. ಸಿಗರೇಟು ಬಿಟ್ಟು ಆರು ವರ್ಷ. ಕಳೆದ ಹನ್ನೊಂದು ತಿಂಗಳಲ್ಲಿ ಮೂರು ಸಲ ಕಾಯಿಲೆ ಜೋರಾಯಿತು. ಮೊದಲ ಸಲ ಮಾತ್ರೆಯಲ್ಲೇ ಹೋಯಿತು. ಎರಡನೇ ಸಲ ನಾಲ್ಕು ದಿನ ಅಡ್ಮಿಟ್. ಮೂರನೆಯದು ಹೋದ ತಿಂಗಳು. ಒಂಬತ್ತು ದಿನ ಆಸ್ಪತ್ರೆ, ಅದರಲ್ಲಿ ಎರಡು ದಿನ ಮುಖಕ್ಕೆ ಮಾಸ್ಕ್ ಬಿಗಿದು ಮೆಷಿನ್ನಿನಿಂದ ಉಸಿರು ಕೊಟ್ಟರು.

ಪ್ರತಿ ಸಲವೂ ಯಾಕೆ ಹೀಗಾಯಿತು ಅಂತ ಕೇಳಿದೆ. "ಹವೆ ಬದಲಾಯಿತಲ್ಲ, ಅದಕ್ಕೆ" ಅಂದರು. ಹವೆ ಅದಕ್ಕೆ ಮುಂಚಿನ ಆರು ವರ್ಷವೂ ಬದಲಾಗುತ್ತಿತ್ತು. ಆಗ ಅಪ್ಪ ಒಂದು ದಿನವೂ ಅಡ್ಮಿಟ್ ಆಗಿರಲಿಲ್ಲ. ಹಾಗಾದರೆ ಈ ವರ್ಷ ಬೇರೆ ಏನೋ ಆಗಿರಬೇಕು ಅಲ್ವಾ? ಯಾವ ಯಾವ ಕಾರಣಕ್ಕೆ ಇದು ಕೆರಳುತ್ತದೆ, ಅದರಲ್ಲಿ ನಮ್ಮ ಕೈಯಲ್ಲಿ ಇರುವುದು ಯಾವುದು? ಅನುಭವ ಇದ್ದವರು ಹೇಳಿ.

ಹಳೇಪಂಪ್

ಅಮ್ಮಾ, ನಾನು ಈ ಕಾಯಿಲೆ ಜೊತೆ ಹನ್ನೆರಡು ವರ್ಷದಿಂದ ಸಂಸಾರ ಮಾಡುತ್ತಿದ್ದೇನೆ. ಅದಕ್ಕೇ ಈ ಹೆಸರು ಇಟ್ಟುಕೊಂಡಿರುವುದು, ಪಂಪ್ ಅಂದರೆ ಔಷಧಿ ಎಳೆದುಕೊಳ್ಳುವ ಇನ್ಹೇಲರ್. ಡಾಕ್ಟರ ಮಾತು ಡಾಕ್ಟರು ಹೇಳುತ್ತಾರೆ. ನಾನು ಒಂದು ಕೆಲಸ ಹೇಳುತ್ತೇನೆ.

ಒಂದು ನೋಟ್‌ಬುಕ್ ತಗೊಳ್ಳಿ. ಮೂರು ಸಲದ ತಾರೀಕು ಬರೆಯಿರಿ. ಆಮೇಲೆ ಪ್ರತಿಯೊಂದರ ಹಿಂದಿನ ಹತ್ತು ಹದಿನೈದು ದಿನ ಮನೆಯಲ್ಲಿ ಏನೇನು ನಡೆಯಿತು ಅಂತ ಎಲ್ಲರೂ ಕೂತು ನೆನಪಿಸಿಕೊಳ್ಳಿ. ಆಸ್ಪತ್ರೆಗೆ ಓಡಿದ ದಿನದಿಂದ ಲೆಕ್ಕ ಶುರು ಮಾಡಬೇಡಿ, ಅದು ಕಥೆಯ ಕೊನೇ ಪುಟ. ಯಾರಿಗಾದರೂ ನೆಗಡಿ ಇತ್ತಾ? ಮನೆಗೆ ಬಣ್ಣ ಬಳಿಸಿದಿರಾ? ಪಂಪ್ ಖಾಲಿಯಾಗಿತ್ತಾ? ಹೊಸ ಔಷಧಿ ಏನಾದರೂ ಬಂತಾ?

ನನ್ನದು ಹೀಗೇ ಸಿಕ್ಕಿತ್ತು. ಬಾತ್‌ರೂಮ್ ತೊಳೆಯುವ ಆಸಿಡ್ಡು, ಬ್ಲೀಚು ಎರಡನ್ನೂ ಕಲಸಿ ಹಾಕುತ್ತಿದ್ದೆ, ಚೆನ್ನಾಗಿ ಹೊಳೆಯಲಿ ಅಂತ. ಹೊಳೆಯಿತು. ನಾನು ಐದು ದಿನ ವಾರ್ಡಿನಲ್ಲಿದ್ದೆ. ಅವೆರಡು ಸೇರಿದರೆ ಕ್ಲೋರಿನ್ ಗಾಳಿ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು. ಯಾರೂ ಮಾಡಬೇಡಿ.

ಶ್ವಾಸತಜ್ಞೆ

ಹಳೇಪಂಪ್ ಅವರ ನೋಟ್‌ಬುಕ್ ಸಲಹೆಗೆ ನನ್ನ ಪೂರ್ತಿ ಒಪ್ಪಿಗೆ. ನಾನು ಶ್ವಾಸಕೋಶದ ವೈದ್ಯೆ. ಇಲ್ಲಿ ಬರೆಯುವುದು ಸಾಮಾನ್ಯ ಮಾಹಿತಿ, ನಿಮ್ಮ ತಂದೆಯವರನ್ನು ನಾನು ನೋಡಿಲ್ಲ ಅನ್ನುವುದು ನೆನಪಿರಲಿ.

ಮೊದಲು "ಕೆರಳುವುದು" ಅಂದರೆ ಏನು? ಏದುಸಿರು, ಕೆಮ್ಮು, ಕಫ ದಿನನಿತ್ಯದ ಮಟ್ಟಕ್ಕಿಂತ ಹೆಚ್ಚಾಗಿ, 14 ದಿನದ ಒಳಗೆ ಹದಗೆಟ್ಟರೆ ಅದನ್ನು ಉಲ್ಬಣ ಅನ್ನುತ್ತೇವೆ. ಶ್ವಾಸನಾಳದ ಒಳಗೋಡೆ ಮೊದಲೇ ಊದಿಕೊಂಡಿರುತ್ತದೆ. ಅದರ ಮೇಲೆ ಇನ್ನೊಂದು ಏಟು ಬಿದ್ದಾಗ ಊತ ಹೆಚ್ಚಿ, ದಾರಿ ಕಿರಿದಾಗಿ, ಒಳಗೆ ಹೋದ ಗಾಳಿ ಹೊರಗೆ ಬರಲಾಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. "ಉಸಿರು ತಗೊಳ್ಳೋಕೆ ಆಗ್ತಿಲ್ಲ" ಅಂತ ರೋಗಿಗಳು ಹೇಳುತ್ತಾರೆ. ನಿಜವಾದ ತೊಂದರೆ ಉಸಿರು ಬಿಡುವುದರಲ್ಲಿ. ಎದೆ ಆಗಲೇ ತುಂಬಿಹೋಗಿರುತ್ತದೆ, ಹೊಸ ಗಾಳಿಗೆ ಜಾಗ ಇರುವುದಿಲ್ಲ.

ಆ ಏಟು ಹೆಚ್ಚಾಗಿ ಸೋಂಕಿನಿಂದ. ಅದರಲ್ಲೂ ವೈರಸ್ ಮುಂದೆ. ಸಾಮಾನ್ಯ ನೆಗಡಿ ತರುವ ರೈನೋವೈರಸ್, ಫ್ಲೂ, ಆರ್‌ಎಸ್‌ವಿ, ಕೊರೊನಾ ಎಲ್ಲವೂ ಈ ಕೆಲಸ ಮಾಡುತ್ತವೆ. ನಿಮಗೆ ಮೂರು ದಿನ ಮೂಗು ಸೋರಿ ಹೋಗುವ ನೆಗಡಿ ಅವರಿಗೆ ವಾರ್ಡಿನ ದಾರಿ ತೋರಿಸಬಹುದು. ಆಮೇಲೆ ಬ್ಯಾಕ್ಟೀರಿಯಾ. ಮೂರನೆಯದು ಹೊಗೆ ಮತ್ತು ಕೆಟ್ಟ ಗಾಳಿ. ಪಿಎಂ 2.5 ಅನ್ನುವ ಸಣ್ಣ ಕಣಗಳು, ಓಝೋನ್, ಸೌದೆ ಹೊಗೆ, ಪಕ್ಕದವರ ಸಿಗರೇಟು. ಬಹಳಷ್ಟು ಸಲ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ, ಅದೂ ನಿಜ. ಹವೆ ಅಂದವರು ಪೂರ್ತಿ ತಪ್ಪಲ್ಲ. ಚಳಿಗಾಲದಲ್ಲಿ ಉಲ್ಬಣ ಜಾಸ್ತಿ. ಆದರೆ ಅಷ್ಟಕ್ಕೇ ಮಾತು ಮುಗಿಸುವುದು ಸೋಮಾರಿತನ.

ಇವೆಲ್ಲ ಕಿಡಿಗಳು. ಯಾರ ಮನೆಯಲ್ಲಿ ಬೇಗ ಹೊತ್ತಿಕೊಳ್ಳುತ್ತದೆ ಅನ್ನುವುದು ಬೇರೆ ಪ್ರಶ್ನೆ. 2010ರಲ್ಲಿ ಎಕ್ಲಿಪ್ಸ್ ಅನ್ನುವ ದೊಡ್ಡ ಅಧ್ಯಯನದ ಫಲಿತಾಂಶ ಬಂತು. 2,138 ಸಿಒಪಿಡಿ ರೋಗಿಗಳನ್ನು ಮೂರು ವರ್ಷ ಹಿಂಬಾಲಿಸಿದ್ದರು. ಮುಂದೆ ಕೆರಳುತ್ತದೆಯೇ ಅಂತ ಹೇಳುವ ಅತಿ ದೊಡ್ಡ ಸುಳಿವು ಎಕ್ಸ್‌ರೇ ಅಲ್ಲ, ರಕ್ತ ಪರೀಕ್ಷೆ ಅಲ್ಲ, ಶ್ವಾಸಕೋಶದ ಬಲ ಅಳೆಯಲು ಊದಿಸುವ ಪರೀಕ್ಷೆಯೂ ಅಲ್ಲ. ಹಿಂದೆ ಕೆರಳಿತ್ತಾ ಅನ್ನುವುದು. ಶ್ವಾಸಕೋಶದ ಬಲ ಕಡಿಮೆಯಾದಷ್ಟೂ ಅಪಾಯ ಹೆಚ್ಚು ಅನ್ನುವುದೂ ಕಂಡಿತು. ಆ ಬಲ ಎಷ್ಟು ಕುಗ್ಗಿದೆ ಅಂತ ನೋಡಿ ಕಾಯಿಲೆಯನ್ನು ನಾಲ್ಕು ಹಂತ ಮಾಡುತ್ತಾರೆ, ನಾಲ್ಕನೆಯದು ಅತಿ ತೀವ್ರ. ವರ್ಷಕ್ಕೆ ಎರಡು ಅಥವಾ ಹೆಚ್ಚು ಸಲ ಕೆರಳಿದವರು ಎರಡನೇ ಹಂತದಲ್ಲಿ ಶೇ 22, ಮೂರನೆಯದರಲ್ಲಿ ಶೇ 33, ನಾಲ್ಕನೆಯದರಲ್ಲಿ ಶೇ 47. ಎರಡನೇ ಹಂತದಲ್ಲೂ ಐವರಲ್ಲಿ ಒಬ್ಬರಿಗೆ ಪದೇ ಪದೇ ಆಗುತ್ತಿತ್ತು ಅನ್ನುವುದನ್ನು ಗಮನಿಸಿ. "ಇನ್ನೂ ಮಧ್ಯಮ ಹಂತ, ಭಯ ಇಲ್ಲ" ಅಂತ ಕೂರುವ ಹಾಗಿಲ್ಲ. ಎದೆಯುರಿ, ಹುಳಿ ತೇಗಿನ ತೊಂದರೆ ಇದ್ದವರಿಗೂ ಹೆಚ್ಚು ಅಂತ ಅದೇ ಅಧ್ಯಯನದಲ್ಲಿ ಕಂಡಿತ್ತು.

ಇನ್ನೊಂದು ಮಾತು. ಒಂದು ಉಲ್ಬಣ ಮುಗಿದ ಮೇಲಿನ ಎಂಟು ವಾರ ತುಂಬಾ ಸೂಕ್ಷ್ಮ. ಎರಡನೆಯದು ಬರುವ ಸಾಧ್ಯತೆ ಆಗ ಜಾಸ್ತಿ. ನಿಮ್ಮ ತಂದೆ ಈಗ ಸರಿಯಾಗಿ ಅದೇ ಕಿಟಕಿಯಲ್ಲಿದ್ದಾರೆ.

ಓದುಗ

ಒಂದು ದಡ್ಡ ಪ್ರಶ್ನೆ. ಹಿಂದೆ ಬಂದಿತ್ತು ಅನ್ನುವುದು ಮತ್ತೆ ಬರುವುದಕ್ಕೆ ಕಾರಣ ಹೇಗಾಗುತ್ತದೆ? ಬಸ್ ಹೋದ ಸಲ ತಡವಾಗಿತ್ತು, ಆದ್ದರಿಂದ ಈ ಸಲವೂ ತಡ ಅಂದ ಹಾಗಾಯಿತು.

ಶ್ವಾಸತಜ್ಞೆ

ಪ್ರಶ್ನೆ ದಡ್ಡ ಅಲ್ಲ. ಅದು ಕಾರಣ ಅಲ್ಲ, ಗುರುತು. ಪದೇ ಪದೇ ತಡವಾಗುವ ಬಸ್ಸಿನ ಎಂಜಿನ್ನಿನಲ್ಲಿ ಏನೋ ಇದೆ ಅಂತ ಅರ್ಥ, ಅಷ್ಟೇ. ಆ "ಏನೋ" ಒಬ್ಬೊಬ್ಬರಲ್ಲಿ ಒಂದೊಂದು. ಕೆಲವರಿಗೆ ಶ್ವಾಸನಾಳದಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುತ್ತದೆ. ಕೆಲವರಿಗೆ ಸಿಒಪಿಡಿ ಜೊತೆಗೆ ಬ್ರಾಂಕಿಯೆಕ್ಟಾಸಿಸ್ ಇರುತ್ತದೆ, ಅಂದರೆ ನಾಳಗಳು ಅಗಲವಾಗಿ ಕಫ ನಿಲ್ಲುವುದು. ಕೆಲವರ ರಕ್ತದಲ್ಲಿ ಇಯೊಸಿನೊಫಿಲ್ ಅನ್ನುವ ಒಂದು ಬಗೆಯ ಬಿಳಿ ರಕ್ತಕಣ ಹೆಚ್ಚು. ಇದರ ಮೇಲೆ ಪ್ರತಿ ಉಲ್ಬಣವೂ ಸ್ವಲ್ಪ ಹಾನಿ ಬಿಟ್ಟು ಹೋಗುತ್ತದೆ. 2000ನೇ ಇಸವಿಯ ಒಂದು ಅಧ್ಯಯನದಲ್ಲಿ, ಐದು ವಾರ ಕಳೆದರೂ ನಾಲ್ವರಲ್ಲಿ ಒಬ್ಬರ ಊದುವ ಬಲ ಹಳೆಯ ಮಟ್ಟಕ್ಕೆ ಬಂದಿರಲಿಲ್ಲ. ಮೂರು ತಿಂಗಳಾದರೂ ಬರದವರು ಶೇ 7. ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬಂದರೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದ ಹಾಗೆ.

ರಾತ್ರಿಪಾಳಿ

ನಾನು ನರ್ಸ್. ನಾನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಅವರು ಪಂಪ್ ಹೇಗೆ ತಗೊಳ್ಳುತ್ತಾರೆ? "ತಗೊಳ್ತಾರಾ" ಅಂತ ಅಲ್ಲ, "ಹೇಗೆ" ಅಂತ. ಅಕ್ಕಾ, ಅಪ್ಪ ತಗೊಳ್ಳುವಾಗ ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿಕೊಳ್ಳಿ. ಹೇಳಿಕೊಡಬೇಡಿ, ಸುಮ್ನೆ ಹಿಡಿಯಿರಿ.

ಒತ್ತುವ ಪಂಪ್ ಆದರೆ ನೋಡಬೇಕಾದ್ದು: ಮೊದಲು ಅಲುಗಾಡಿಸಬೇಕು, ಉಸಿರು ಪೂರ್ತಿ ಹೊರಗೆ ಬಿಡಬೇಕು, ನಿಧಾನವಾಗಿ ಎಳೆಯಲು ಶುರು ಮಾಡುತ್ತಾ ಒತ್ತಬೇಕು, ಆಮೇಲೆ ಹತ್ತು ಸೆಕೆಂಡು ಉಸಿರು ಹಿಡಿಯಬೇಕು. ಅರ್ಧ ಜನ ಒತ್ತಿ ಆದಮೇಲೆ ಎಳೆಯುತ್ತಾರೆ, ಔಷಧಿ ನಾಲಿಗೆ ಮೇಲೆ ಕೂರುತ್ತದೆ. ಪಂಪಿನ ಬಾಯಿಗೆ ಸಿಕ್ಕಿಸುವ ಸ್ಪೇಸರ್ ಅನ್ನುವ ಕೊಳವೆ ಹಾಕಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ. ಪುಡಿಯ ಸಾಧನ ಇದಕ್ಕೆ ತದ್ವಿರುದ್ಧ. ಅದನ್ನು ಅಲುಗಾಡಿಸಬಾರದು, ಮತ್ತು ಜೋರಾಗಿ, ಆಳವಾಗಿ ಎಳೆಯಬೇಕು. ಎಳೆತದ ಬಲದಿಂದಲೇ ಪುಡಿ ಒಡೆದು ಒಳಗೆ ಹೋಗುವುದು. ಅದರ ಬಾಯಿಯೊಳಗೆ ಉಸಿರು ಬಿಟ್ಟರೆ ತೇವಕ್ಕೆ ಪುಡಿ ಗಂಟಾಗುತ್ತದೆ.

ಸ್ಟೀರಾಯ್ಡ್ ಇರುವ ಪಂಪ್ ಆದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಫಂಗಸ್ ಬರುತ್ತದೆ. ಬಾಯಿ ಉರಿಯುತ್ತದೆ ಅಂತ ಅವರು ಪಂಪನ್ನೇ ಬಿಡುತ್ತಾರೆ. ಆಮೇಲೆ ನಮ್ಮಲ್ಲಿಗೆ ಬರುತ್ತಾರೆ.

ಹಿರಿಮಗಳು

ಎಲ್ಲರಿಗೂ ಥ್ಯಾಂಕ್ಸ್. ವಿಡಿಯೋ ಮಾಡಿದೆ, ನೋಟ್‌ಬುಕ್ಕೂ ಬರೆದೆವು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಎರಡನೇ ಸಲ ಡಿಸ್ಚಾರ್ಜ್ ಆಗುವಾಗ ಒತ್ತುವ ಪಂಪ್ ತೆಗೆದು, ಕ್ಯಾಪ್ಸೂಲ್ ಹಾಕುವ ಪುಡಿಯ ಸಾಧನ ಕೊಟ್ಟಿದ್ದರು. ಹೇಗೆ ತಗೊಳ್ಳಬೇಕು ಅಂತ ಯಾರೂ ತೋರಿಸಿರಲಿಲ್ಲ, ನಾವೂ ಕೇಳಿರಲಿಲ್ಲ. ಅಪ್ಪ ಏಳು ವರ್ಷದ ಅಭ್ಯಾಸದಂತೆ ಅದನ್ನೂ ನಿಧಾನವಾಗಿ ಎಳೆಯುತ್ತಿದ್ದಾರೆ. ತೆರೆದು ನೋಡಿದರೆ ಕ್ಯಾಪ್ಸೂಲಿನಲ್ಲಿ ಪುಡಿ ಅರ್ಧ ಹಾಗೇ ಇದೆ. ಮೂರು ತಿಂಗಳಿಂದ ಅರ್ಧ ಔಷಧಿ ಕಸದ ಬುಟ್ಟಿಗೆ ಹೋಗಿದೆ. "ನೀನು ನಿಧಾನವಾಗಿ ಎಳೀ ಅಂತ ಬೈತಿದ್ದೆಯಲ್ಲ, ಈಗ ಜೋರಾಗಿ ಅಂತೀಯಾ" ಅಂತ ಅಪ್ಪ ನನಗೇ ತಿರುಗಿ ಹೇಳಿದರು.

ನೋಟ್‌ಬುಕ್ಕಿನಲ್ಲಿ ಸಿಕ್ಕಿದ್ದು: ಮೊದಲ ಸಲ, ತಂಗಿಯ ಮಗಳು ಆಗಷ್ಟೇ ಶಾಲೆಗೆ ಸೇರಿದ್ದಳು, ಮನೆಯಲ್ಲೆಲ್ಲ ನೆಗಡಿ. ಎರಡನೇ ಸಲ ಏನೂ ನೆನಪಿಲ್ಲ. ಮೂರನೇ ಸಲ ಪಕ್ಕದ ಖಾಲಿ ಜಾಗದಲ್ಲಿ ನಾಲ್ಕು ದಿನ ಕಸ ಸುಟ್ಟಿದ್ದರು. ಫ್ಲೂ ಲಸಿಕೆ ಎರಡು ವರ್ಷದಿಂದ ಹಾಕಿಸಿಲ್ಲ.

ಹಳೇಪಂಪ್

ನಾಚಿಕೆ ಏನಮ್ಮಾ. ನಾನು ಒಂದು ತಿಂಗಳು ಖಾಲಿ ಪಂಪ್ ಒತ್ತಿಕೊಂಡಿದ್ದೆ. ಅಲುಗಾಡಿಸಿದರೆ ಶಬ್ದ ಬರುತ್ತಿತ್ತು, ಇದೆ ಅಂದುಕೊಂಡೆ. ಔಷಧಿ ಮುಗಿದರೂ ಒಳಗಿನ ಗಾಳಿ ಪುಸ್ ಅನ್ನುತ್ತದೆ. ಹಿಂದೆ ಎಣಿಸುವ ಅಂಕಿ ಇರುವ ಪಂಪ್ ಇದ್ದರೆ ಅದನ್ನೇ ನೋಡಿ.

ಫಿಸಿಯೋ

ಲಸಿಕೆ ವಿಷಯ ವೈದ್ಯರು ಹೇಳಲಿ. ನನ್ನದು ಒಂದೇ ಪ್ರಶ್ನೆ. ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಎಷ್ಟು ನಡೆಯುತ್ತಾರೆ?

ಹಿರಿಮಗಳು

ನಡೆಯಲು ನಾವೇ ಬಿಡುತ್ತಿಲ್ಲ. ಹಾಸಿಗೆಯಿಂದ ಬಾತ್‌ರೂಮಿಗೆ, ಅಷ್ಟೇ. ಸುಸ್ತಾಗುತ್ತದೆ ಅಂತ ಭಯ.

ಫಿಸಿಯೋ

ಅದೇ ಅಂದುಕೊಂಡೆ. ಎಲ್ಲ ಮನೆಯಲ್ಲೂ ಪ್ರೀತಿಯಿಂದಲೇ ಈ ತಪ್ಪು ಆಗುತ್ತದೆ. ಕೂತಷ್ಟೂ ತೊಡೆಯ ಸ್ನಾಯು ಕರಗುತ್ತದೆ. ಬಲ ಇಲ್ಲದ ಸ್ನಾಯು ಅದೇ ಕೆಲಸಕ್ಕೆ ಜಾಸ್ತಿ ಆಮ್ಲಜನಕ ಕೇಳುತ್ತದೆ, ಬೇಗ ಏದುಸಿರು ಬರುತ್ತದೆ, ಅದಕ್ಕೆ ಹೆದರಿ ಇನ್ನೂ ಕೂರುತ್ತಾರೆ. ಡಿಸ್ಚಾರ್ಜ್ ಆದ ನಾಲ್ಕು ವಾರದೊಳಗೆ ಶ್ವಾಸಕೋಶದ ಪುನಶ್ಚೇತನ ತರಬೇತಿ ಶುರು ಮಾಡಿದವರು ಮತ್ತೆ ಅಡ್ಮಿಟ್ ಆಗುವುದು ಕಡಿಮೆ. ವ್ಯಾಯಾಮ, ಉಸಿರಾಟದ ಕ್ರಮ, ಕಫ ತೆಗೆಯುವ ವಿಧಾನ ಎಲ್ಲ ಅದರಲ್ಲಿ ಇರುತ್ತದೆ. ಸಾಮಾನ್ಯವಾಗಿ ಆರರಿಂದ ಎಂಟು ವಾರ. ಸಿಗದಿದ್ದರೆ ವೈದ್ಯರನ್ನು ಕೇಳಿ, ಮನೆಯಲ್ಲೇ ನಡಿಗೆಯಿಂದ ಶುರು ಮಾಡಿ. ನಡೆಯುವಾಗ ಒಂದು ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆ ಮಟ್ಟ ಸಾಕು.

ತೂಕವೂ ನೋಡಿ. ಸಣಕಲಾಗುತ್ತಾ ಹೋಗುವವರಿಗೆ ಈ ಕಾಯಿಲೆಯಲ್ಲಿ ಅಪಾಯ ಜಾಸ್ತಿ.

ಔಷಧಿಡಬ್ಬಿ

ನಾನು ಫಾರ್ಮಸಿಸ್ಟ್. ಹಳೇಪಂಪ್ ಅವರ ಪಟ್ಟಿಯಲ್ಲಿ "ಹೊಸ ಔಷಧಿ ಏನಾದರೂ ಬಂತಾ" ಅಂತ ಇತ್ತು. ಅದಕ್ಕೆ ಉತ್ತರ ಬಂದಿಲ್ಲ. ಎದೆಯ ಔಷಧಿ ಬಿಟ್ಟು ಅಪ್ಪ ಬೇರೆ ಏನೇನು ತಗೊಳ್ಳುತ್ತಾರೆ? ಮಾತ್ರೆ ಮಾತ್ರ ಅಲ್ಲ. ಮುಲಾಮು, ಹನಿ, ನಿದ್ದೆಗೆ ತಗೊಳ್ಳುವುದು, ಎಲ್ಲ ಬರೆಯಿರಿ.

ಹಿರಿಮಗಳು

ಬಿಪಿಗೆ ಆಮ್ಲೋಡಿಪಿನ್. ಪ್ರೊಸ್ಟೇಟಿಗೆ ಒಂದು. ನಿದ್ದೆ ಬರದ ದಿನ ಅರ್ಧ ಅಲ್ಪ್ರಜೋಲಮ್, ಅದು ಈಚೆಗೆ ಜಾಸ್ತಿಯಾಗಿದೆ. ಕಣ್ಣಿನ ಒತ್ತಡ ಹೆಚ್ಚಿದೆ ಅಂತ ಹನಿ ಬಿಡುತ್ತಾರೆ. ಬಾಟಲಿ ಮೇಲೆ ಟಿಮೊಲಾಲ್ ಅಂತ ಇದೆ. ಅದು ಶುರುವಾಗಿ... ಈಗ ಲೆಕ್ಕ ಹಾಕಿದೆ. ಹದಿಮೂರು ತಿಂಗಳು.

ಔಷಧಿಡಬ್ಬಿ

ಹದಿಮೂರು ತಿಂಗಳು. ಮೊದಲ ಉಲ್ಬಣ ಹನ್ನೊಂದು ತಿಂಗಳ ಹಿಂದೆ.

ಮೊದಲು ಒಂದು ಮಾತು, ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಹನಿಯನ್ನು ನೀವಾಗಿ ನಿಲ್ಲಿಸಬೇಡಿ. ಕಣ್ಣಿನ ಒತ್ತಡದ ಕಾಯಿಲೆ ಗ್ಲಾಕೋಮಾ ಸದ್ದಿಲ್ಲದೆ ದೃಷ್ಟಿ ತಿನ್ನುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ನಾಳೆಯೇ ಕಣ್ಣಿನ ವೈದ್ಯರಿಗೆ ಫೋನ್ ಮಾಡಿ "ಅಪ್ಪನಿಗೆ ಸಿಒಪಿಡಿ ಇದೆ, ಮೂರು ಸಲ ಜೋರಾಗಿದೆ, ಬೇರೆ ಗುಂಪಿನ ಹನಿ ಕೊಡಬಹುದಾ" ಅಂತ ಕೇಳಿ.

ಯಾಕೆ ಅಂದರೆ, ಟಿಮೊಲಾಲ್ ಒಂದು ಬೀಟಾ ಬ್ಲಾಕರ್, ಹೃದ್ರೋಗಿಗಳಿಗೆ ಕೊಡುವ ಕೆಲವು ಮಾತ್ರೆಗಳ ಗುಂಪಿನದೇ. ಕಣ್ಣಿಗೆ ಬಿಟ್ಟ ಹನಿ ಕಣ್ಣಲ್ಲೇ ಇರುವುದಿಲ್ಲ. ಕಣ್ಣೀರಿನ ಸಣ್ಣ ನಾಳದಿಂದ ಮೂಗಿಗೆ ಇಳಿದು, ಅಲ್ಲಿಂದ ನೇರ ರಕ್ತಕ್ಕೆ ಸೇರುತ್ತದೆ. ಶ್ವಾಸನಾಳ ಅಗಲವಾಗಲು ಯಾವ ಬೀಗ ತೆರೆಯಬೇಕೋ, ಸರಿಯಾಗಿ ಅದೇ ಬೀಗಕ್ಕೆ ಇದು ಹೋಗಿ ಕೂರುತ್ತದೆ. ಒಂದು ಕಡೆ ಪಂಪ್ ತೆರೆಯಲು ನೋಡುತ್ತದೆ, ಇನ್ನೊಂದು ಕಡೆ ಹನಿ ಮುಚ್ಚುತ್ತದೆ. ಆಸ್ತಮಾ ಮತ್ತು ತೀವ್ರ ಸಿಒಪಿಡಿ ಇದ್ದವರಿಗೆ ಕೊಡಬಾರದು ಅಂತ ಔಷಧಿಯ ಚೀಟಿಯಲ್ಲೇ ಇರುತ್ತದೆ. ಆದರೆ ಕಣ್ಣಿನ ವೈದ್ಯರು "ಬೇರೆ ಏನಾದರೂ ಕಾಯಿಲೆ ಇದೆಯಾ" ಅಂದಾಗ ಜನ ಬಿಪಿ, ಶುಗರ್ ಹೇಳುತ್ತಾರೆ. ಎದೆಯ ವೈದ್ಯರು ಔಷಧಿ ಕೇಳಿದಾಗ ಕಣ್ಣಿನ ಹನಿ ಹೇಳುವುದಿಲ್ಲ. ಹನಿ ಔಷಧಿ ಅಂತ ಯಾರಿಗೂ ಅನಿಸುವುದೇ ಇಲ್ಲ.

ವೈದ್ಯರು ಸಿಗುವ ತನಕ, ಹನಿ ಬಿಟ್ಟ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಲಿ. ರಕ್ತಕ್ಕೆ ಇಳಿಯುವುದು ಕಡಿಮೆಯಾಗುತ್ತದೆ.

ಶ್ವಾಸತಜ್ಞೆ

ಚೆನ್ನಾಗಿ ಹಿಡಿದಿರಿ. ಇದೇ ಕಾರಣ ಅಂತ ಈಗಲೇ ತೀರ್ಪು ಕೊಡುವುದು ಬೇಡ. ಅರ್ಧ ಔಷಧಿ, ಮಗುವಿನ ನೆಗಡಿ, ಕಸದ ಹೊಗೆ ಎಲ್ಲವೂ ಕಣ್ಣ ಮುಂದೆ ಇವೆ. ಆದರೆ ಬದಲಾಯಿಸಬಹುದಾದದ್ದನ್ನು ಬದಲಾಯಿಸಲೇಬೇಕು.

ಇಲ್ಲಿ ಓದುವ ಹೃದ್ರೋಗಿಗಳಿಗೆ ಒಂದು ಎಚ್ಚರಿಕೆ. ಬೀಟಾ ಬ್ಲಾಕರ್ ಅಂದ ಕೂಡಲೇ ನಿಮ್ಮ ಹೃದಯದ ಮಾತ್ರೆ ಬಿಸಾಡಬೇಡಿ. ಹೃದಯಕ್ಕೆ ಕೊಡುವ ಕೆಲವು ಬೀಟಾ ಬ್ಲಾಕರ್‌ಗಳು ಹೃದಯದ ಮೇಲೇ ಹೆಚ್ಚಾಗಿ ಕೆಲಸ ಮಾಡುತ್ತವೆ. ಹೃದಯಾಘಾತ, ಹೃದಯ ವೈಫಲ್ಯ ಆದವರಿಗೆ ಸಿಒಪಿಡಿ ಇದ್ದರೂ ಅವು ಬೇಕಾಗುತ್ತವೆ. ಹೃದಯದ ಕಾರಣ ಇಲ್ಲದವರಿಗೆ, ಸಿಒಪಿಡಿ ಕೆರಳದಿರಲಿ ಅಂತ ಮೆಟೊಪ್ರೊಲಾಲ್ ಅನ್ನುವ ಇಂಥ ಬೀಟಾ ಬ್ಲಾಕರ್ ಕೊಟ್ಟು ನೋಡಿದ ಅಧ್ಯಯನ 2019ರಲ್ಲಿ ಬಂತು. ಉಪಯೋಗ ಆಗಲಿಲ್ಲ, ಆಸ್ಪತ್ರೆಗೆ ಸೇರಿಸಬೇಕಾದಂಥ ಉಲ್ಬಣಗಳೇ ಹೆಚ್ಚಾದವು.

ನನಗೆ ಹನಿಗಿಂತ ಹೆಚ್ಚು ಭಯ ಆದದ್ದು ಅಲ್ಪ್ರಜೋಲಮ್ ನೋಡಿ. ಮೆಷಿನ್ನಿನಿಂದ ಉಸಿರು ಕೊಡಬೇಕಾಗಿ ಬಂದವರಲ್ಲಿ ಸಾಮಾನ್ಯವಾಗಿ ಇಂಗಾಲದ ಡೈಆಕ್ಸೈಡ್ ಮೈಯಲ್ಲಿ ಉಳಿದಿರುತ್ತದೆ. ಇಂಥ ಮಾತ್ರೆ ಉಸಿರಾಟದ ವೇಗವನ್ನೇ ತಗ್ಗಿಸುತ್ತದೆ. ದಿಢೀರ್ ನಿಲ್ಲಿಸಿದರೂ ತೊಂದರೆ. ಬರೆದುಕೊಟ್ಟ ವೈದ್ಯರ ಜೊತೆ ಮಾತಾಡಿ ನಿಧಾನವಾಗಿ ಇಳಿಸಬೇಕು. ಈಚೆಗೆ ನಿದ್ದೆ ಯಾಕೆ ಬರುತ್ತಿಲ್ಲ ಅಂತ ಅಪ್ಪನನ್ನು ಯಾರಾದರೂ ಕೇಳಿದಿರಾ? ರಾತ್ರಿ ಎದೆಯುರಿಯಾ? ಗೊರಕೆ ಮಧ್ಯೆ ಉಸಿರು ನಿಲ್ಲುತ್ತದಾ? ಅಥವಾ ಮತ್ತೆ ಉಸಿರು ಕಟ್ಟಿದರೆ ಅನ್ನುವ ಭಯವಾ? ಆತಂಕ, ಖಿನ್ನತೆ ಇದ್ದವರಿಗೂ ಉಲ್ಬಣ ಜಾಸ್ತಿ. ಅದನ್ನು "ಮನಸ್ಸಿನದು" ಅಂತ ಪಕ್ಕಕ್ಕೆ ಇಡುವ ಹಾಗಿಲ್ಲ.

ಲಸಿಕೆ: ಫ್ಲೂ ಪ್ರತಿ ವರ್ಷ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಲಸಿಕೆ ಆಗಿದೆಯಾ ನೋಡಿ. ವಯಸ್ಸಾದವರಿಗೆ ಆರ್‌ಎಸ್‌ವಿ ಲಸಿಕೆ 2023ರಿಂದ ಬಂದಿದೆ, ಸಿಗುವ ಕಡೆ ಕೇಳಬಹುದು.

ರಕ್ತ ಪರೀಕ್ಷೆ ಚೀಟಿಯಲ್ಲಿ ಇಯೊಸಿನೊಫಿಲ್ ಎಷ್ಟಿದೆ ಅಂತ ಹುಡುಕಿ. ಶೇಕಡಾ ಲೆಕ್ಕ ಅಲ್ಲ, ಒಂದು ಮೈಕ್ರೋಲೀಟರ್ ರಕ್ತದಲ್ಲಿರುವ ಸಂಖ್ಯೆ ನೋಡಿ. 300ರ ಮೇಲಿದ್ದರೆ ಪಂಪಿನಲ್ಲಿ ಸ್ಟೀರಾಯ್ಡ್ ಸೇರಿಸಿದಾಗ ಉಲ್ಬಣ ಚೆನ್ನಾಗಿ ತಗ್ಗುತ್ತದೆ. 100ಕ್ಕಿಂತ ಕಡಿಮೆ ಇದ್ದರೆ ಲಾಭ ಅಷ್ಟಕ್ಕಷ್ಟೇ, ನ್ಯುಮೋನಿಯಾದ ಅಪಾಯ ಮಾತ್ರ ಕೈಗೆ ಬರುತ್ತದೆ.

ಮುಂಜಾಗ್ರತೆ

ಇಷ್ಟೆಲ್ಲ ಯಾಕೆ? ನಮ್ಮ ಮಾವನಿಗೆ ಕಫ ಶುರುವಾದ ಕೂಡಲೇ ನಾವೇ ಆಂಟಿಬಯೋಟಿಕ್ ಮತ್ತು ಸ್ಟೀರಾಯ್ಡ್ ಮಾತ್ರೆ ಕೊಟ್ಟುಬಿಡುತ್ತೇವೆ. ಮನೆಯಲ್ಲಿ ಯಾವಾಗಲೂ ಎರಡು ಕೋರ್ಸ್ ಇಟ್ಟಿರುತ್ತೇವೆ. ಎರಡು ವರ್ಷದಿಂದ ಆಸ್ಪತ್ರೆ ಮುಖ ನೋಡಿಲ್ಲ. ವರ್ಷಕ್ಕೆ ಐದಾರು ಸಲ ಕೊಡಬೇಕಾಗುತ್ತದೆ ಅಷ್ಟೇ.

ರಾತ್ರಿಪಾಳಿ

ಐದಾರು ಸಲ "ಅಷ್ಟೇ"?!

ಶ್ವಾಸತಜ್ಞೆ

ಮುಂಜಾಗ್ರತೆ ಅವರೇ, ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ಹೇಳಲೇಬೇಕು. ನಿಮ್ಮ ಮಾವನಿಗೆ ಕಾಯಿಲೆ ಹತೋಟಿಯಲ್ಲಿ ಇಲ್ಲ. ವರ್ಷಕ್ಕೆ ಐದಾರು ಸಲ ಕೆರಳುತ್ತಿದೆ, ಲೆಕ್ಕಕ್ಕೆ ಬರುತ್ತಿಲ್ಲ. ಅವರ ವೈದ್ಯರ ಪುಸ್ತಕದಲ್ಲಿ "ಎರಡು ವರ್ಷದಿಂದ ಉಲ್ಬಣ ಇಲ್ಲ" ಅಂತ ಇರಬಹುದು. ಆ ತಪ್ಪು ಲೆಕ್ಕದ ಮೇಲೆಯೇ ಔಷಧಿ ನಿರ್ಧಾರ ಆಗುತ್ತಿರುತ್ತದೆ.

ಮನೆಯಲ್ಲಿ ಮಾತ್ರೆ ಇಟ್ಟುಕೊಳ್ಳುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಕೆಲವರಿಗೆ ನಾನೇ ಬರೆದುಕೊಡುತ್ತೇನೆ, ಯಾವಾಗ ಶುರು ಮಾಡಬೇಕು ಅಂತ ಕಾಗದದ ಮೇಲೆ ಬರೆದು, ಶುರು ಮಾಡಿದ ದಿನವೇ ಫೋನ್ ಮಾಡಬೇಕು ಅನ್ನುವ ಕರಾರಿನ ಮೇಲೆ. ಕಫ ಹೆಚ್ಚಾಗಿ, ಬಣ್ಣ ಹಸಿರು ಅಥವಾ ಹಳದಿಗೆ ತಿರುಗಿ, ಏದುಸಿರೂ ಹೆಚ್ಚಿದರೆ ಆಂಟಿಬಯೋಟಿಕ್ ಉಪಯೋಗ. ಬರೀ ಕೆಮ್ಮಿಗೆ ಅಲ್ಲ. 2019ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಬೆರಳು ಚುಚ್ಚಿ ರಕ್ತದಲ್ಲಿ ಸಿಆರ್‌ಪಿ ಅನ್ನುವ ಉರಿಯೂತದ ಸೂಚಕ ನೋಡಿ ನಿರ್ಧರಿಸಿದಾಗ ಆಂಟಿಬಯೋಟಿಕ್ ತಗೊಂಡವರು ಶೇ 77ರಿಂದ ಶೇ 57ಕ್ಕೆ ಇಳಿದರು. ರೋಗಿಗಳಿಗೆ ಹಾನಿ ಏನೂ ಆಗಲಿಲ್ಲ.

ಸ್ಟೀರಾಯ್ಡ್ ಮಾತ್ರೆಯೂ ಹಾಗೇ. 2013ರ ರೆಡ್ಯೂಸ್ ಅಧ್ಯಯನದಲ್ಲಿ ದಿನಕ್ಕೆ 40 ಮಿ.ಗ್ರಾಂ ಪ್ರೆಡ್ನಿಸೋನ್ ಐದು ದಿನ ಕೊಟ್ಟದ್ದು ಹದಿನಾಲ್ಕು ದಿನ ಕೊಟ್ಟದ್ದಕ್ಕಿಂತ ಕಡಿಮೆಯೇನೂ ಆಗಲಿಲ್ಲ. ಅಂದರೆ ಕಡಿಮೆ ದಿನ ಸಾಕು. ಪದೇ ಪದೇ ಕೊಟ್ಟರೆ ಮೂಳೆ ಸವೆಯುತ್ತದೆ, ಶುಗರ್ ಏರುತ್ತದೆ, ಸ್ನಾಯು ಕರಗುತ್ತದೆ. ಫಿಸಿಯೋ ಅವರು ಮೇಲೆ ಬರೆದದ್ದನ್ನು ಇನ್ನೊಮ್ಮೆ ಓದಿ.

ಮುಂಜಾಗ್ರತೆ

ಲೆಕ್ಕಕ್ಕೆ ಬರುತ್ತಿಲ್ಲ ಅನ್ನುವುದು ಹೊಳೆದಿರಲಿಲ್ಲ. ವೈದ್ಯರಿಗೆ ನಾವು ಹೇಳಿಲ್ಲ, ನಿಜ. ಬೈತಾರೆ ಅಂತ. ಮುಂದಿನ ಸಲ ಪಟ್ಟಿ ತಗೊಂಡು ಹೋಗುತ್ತೇನೆ.

ಗಾಳಿಪಟ

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಅಮ್ಮನಿಗೆ ಸಿಒಪಿಡಿ ಅಲ್ಲ, ಫೈಬ್ರೋಸಿಸ್, ಐಪಿಎಫ್ ಅಂತಾರೆ. ಇದೇ ಸಲಹೆಗಳು ನಡೆಯುತ್ತವಾ?

ಶ್ವಾಸತಜ್ಞೆ

ಅರ್ಧ ನಡೆಯುತ್ತವೆ. ಸೋಂಕು, ಹೊಗೆ, ಹುಳಿ ಮೇಲೆ ಬರುವುದು ಇವುಗಳಿಂದ ದೂರ ಇರುವುದು, ಲಸಿಕೆ, ನಡಿಗೆ ಎಲ್ಲ ಅಲ್ಲಿಗೂ ಬೇಕು. ಆದರೆ ಅದು ಬೇರೆಯೇ ಕಾಯಿಲೆ. ಅಲ್ಲಿ ನಾಳ ಅಲ್ಲ, ಶ್ವಾಸಕೋಶವೇ ಗಡುಸಾಗುತ್ತದೆ. ಕೆರಳಿದರೆ ಹೆಚ್ಚು ಅಪಾಯಕಾರಿ. ಕೆಲವು ದಿನ, ವಾರಗಳಲ್ಲಿ ಏದುಸಿರು ಹೊಸದಾಗಿ ಹೆಚ್ಚಿದರೆ ಮನೆಯಲ್ಲಿ ಕಾದು ನೋಡದೆ ಸ್ಕ್ಯಾನ್ ಮಾಡುವ ಕಡೆ ಹೋಗಿ. ಸಿಒಪಿಡಿಯವರ ಔಷಧಿ ನೋಡಿ ಅಮ್ಮನಿಗೆ ಸ್ಟೀರಾಯ್ಡ್ ಶುರು ಮಾಡಬೇಡಿ. ಐಪಿಎಫ್‌ಗೆ ಸ್ಟೀರಾಯ್ಡ್ ಸೇರಿದ ಮೂರು ಔಷಧಿಗಳನ್ನು ಒಟ್ಟಿಗೆ ದೀರ್ಘಕಾಲ ಕೊಟ್ಟು ನೋಡಿದ ಅಧ್ಯಯನದಲ್ಲಿ ಸಾವೇ ಹೆಚ್ಚಾಯಿತು ಅಂತ 2012ರಲ್ಲಿ ಪ್ರಕಟವಾಯಿತು. ಅಮ್ಮನ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ವಿವರವಾಗಿ ಬರೆಯುತ್ತೇನೆ.

ಓದುಗ

ಮತ್ತೊಂದು ಪ್ರಶ್ನೆ. ಕೆರಳಿದಾಗ ಮನೆಯಲ್ಲಿ ಆಕ್ಸಿಜನ್ ಇದ್ದರೆ ಜೋರಾಗಿ ಬಿಟ್ಟರೆ ಒಳ್ಳೆಯದಲ್ವಾ?

ರಾತ್ರಿಪಾಳಿ

ಬೇಡ. ನಮ್ಮ ವಾರ್ಡಿನಲ್ಲಿ ಹೊಸಬರಿಗೆ ಮೊದಲು ಕಲಿಸುವುದೇ ಇದು. ಸಿಒಪಿಡಿಯವರಿಗೆ ಬೆರಳಿಗೆ ಹಾಕುವ ಮೀಟರಿನಲ್ಲಿ ರಕ್ತದ ಆಮ್ಲಜನಕದ ಗುರಿ ಶೇ 88ರಿಂದ 92, ನೂರಲ್ಲ. ಮೀಟರಿನಲ್ಲಿ 99 ಕಂಡು ಮನೆಯವರು ಖುಷಿ ಪಡುತ್ತಾರೆ, ಒಳಗೆ ಇಂಗಾಲದ ಡೈಆಕ್ಸೈಡ್ ಏರಿ ರೋಗಿ ತೂಕಡಿಸುತ್ತಿರುತ್ತಾರೆ. 2010ರಲ್ಲಿ ಬಂದ ಆಂಬುಲೆನ್ಸ್ ಅಧ್ಯಯನ ಒಂದರಲ್ಲಿ, ಆಕ್ಸಿಜನ್ ಅಳೆದು ಕೊಟ್ಟವರಲ್ಲಿ ಸಾವು ಅರ್ಧಕ್ಕಿಂತ ಕಡಿಮೆಯಾಯಿತು. ತೂಕಡಿಕೆ, ಗೊಂದಲ, ತುಟಿ ನೀಲಿ, ಪೂರ್ತಿ ವಾಕ್ಯ ಮಾತಾಡಲು ಆಗದಿರುವುದು, ಇದರಲ್ಲಿ ಒಂದು ಕಂಡರೂ ಆಂಬುಲೆನ್ಸ್ ಕರೆಯಿರಿ.

ಶ್ವಾಸತಜ್ಞೆ

ಇದಕ್ಕೆ ಒಂದು ಸೇರಿಸುತ್ತೇನೆ. ಏದುಸಿರು ಬಂದದ್ದೆಲ್ಲ ಸಿಒಪಿಡಿಯದ್ದೇ ಅಲ್ಲ. ಕಫ ಇಲ್ಲ, ನೆಗಡಿ ಇಲ್ಲ, ಇದ್ದಕ್ಕಿದ್ದಂತೆ ಉಸಿರು ಹೋಯಿತು, ಒಂದು ಕಾಲು ಊದಿದೆ ಅಂದರೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಎದೆನೋವು ಬಂದರೆ ಹೃದಯ. ಉಲ್ಬಣ ಆದ ಮೊದಲ ದಿನಗಳಲ್ಲಿ ಹೃದಯಾಘಾತದ ಅಪಾಯವೂ ಏರಿರುತ್ತದೆ. ಹಳೆ ರೋಗಿ ಅಂತ ಹಳೆ ಹಣೆಪಟ್ಟಿಯನ್ನೇ ಅಂಟಿಸಬೇಡಿ.

ಹಿರಿಮಗಳು

ಆರು ವಾರ ಆಯಿತು, ಸುದ್ದಿ ಹೇಳಲು ಬಂದೆ.

ಕಣ್ಣಿನ ವೈದ್ಯರು ಹನಿ ಬದಲಾಯಿಸಿದರು. "ಎದೆಯ ಕಾಯಿಲೆ ಇದೆ ಅಂತ ನೀವು ಹೇಳಿರಲಿಲ್ಲವಲ್ಲ" ಅಂದರು. ನಿಜ, ನಮ್ಮ ಚೀಟಿಯಲ್ಲಿ ಬಿಪಿ ಮಾತ್ರ ಇತ್ತು. ಎದೆಯ ವೈದ್ಯರು ಪುಡಿ ತೆಗೆದು ಮತ್ತೆ ಒತ್ತುವ ಪಂಪ್, ಜೊತೆಗೆ ಸ್ಪೇಸರ್ ಕೊಟ್ಟರು. ಇಯೊಸಿನೊಫಿಲ್ 340 ಇತ್ತು. ಎರಡೂ ಲಸಿಕೆ ಆಯಿತು. ನಿದ್ದೆ ಮಾತ್ರೆ ಕಾಲು ಭಾಗಕ್ಕೆ ಇಳಿದಿದೆ. ನಿದ್ದೆ ಯಾಕೆ ಬರುತ್ತಿಲ್ಲ ಅಂತ ಕೇಳಿದ್ದಕ್ಕೆ, "ಆ ಮಾಸ್ಕು ಮತ್ತೆ ಹಾಕ್ತಾರೇನೋ ಅಂತ ಎಚ್ಚರ ಆಗುತ್ತೆ" ಅಂದರು. ಏಳು ವರ್ಷದಲ್ಲಿ ಅಪ್ಪ ಭಯ ಅಂತ ಹೇಳಿದ್ದು ಅದೇ ಮೊದಲು.

ದಿನಾ ಎರಡು ಸಲ ನಡೆಯುತ್ತಾರೆ. ಮೊದಲ ವಾರ ನಾಲ್ಕು ನಿಮಿಷ, ಈಗ ಹದಿನೈದು. ಮತ್ತೆ ಜೋರಾಗಿಲ್ಲ. ಹನಿಯಿಂದಲೇ ಆಗುತ್ತಿತ್ತು ಅಂತ ತಂಗಿ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದಾಳೆ.

ಔಷಧಿಡಬ್ಬಿ

ತಂಗಿಗೆ ಸ್ವಲ್ಪ ತಡೆಯಲು ಹೇಳಿ. ಒಟ್ಟಿಗೆ ಐದು ಬದಲಾವಣೆ ಮಾಡಿದ್ದೀರಿ, ಯಾವುದು ಕೆಲಸ ಮಾಡಿತು ಅಂತ ಹೇಳುವ ದಾರಿಯೇ ಇಲ್ಲ. ಚಳಿಗಾಲವೂ ಇನ್ನೂ ಬಂದಿಲ್ಲ.

ಹಿರಿಮಗಳು

ಗೊತ್ತು ಸರ್. ಅದಕ್ಕೇ ನೋಟ್‌ಬುಕ್ ನಿಲ್ಲಿಸಿಲ್ಲ. ಈಗ ಅಪ್ಪನೇ ಬರೆಯುತ್ತಾರೆ, ನಮಗೆ ಮುಟ್ಟಲು ಬಿಡುವುದಿಲ್ಲ. ಇವತ್ತಿನ ಸಾಲು ಕದ್ದು ನೋಡಿದೆ: "ಕಫ ಬಿಳಿ. ನಡಿಗೆ 15. ಮೊಮ್ಮಗಳಿಗೆ ಮೂಗು ಸೋರುತ್ತಿದೆ. ಮಾಸ್ಕ್ ಹಾಕಿಕೊಂಡೇ ಕಥೆ ಹೇಳಿದೆ. ರಾಕ್ಷಸನ ದನಿ ಚೆನ್ನಾಗಿ ಬಂತು."

ಶ್ವಾಸತಜ್ಞೆ

ಮುಂದಿನ ನಾಲ್ಕೈದು ದಿನ ಕಫದ ಬಣ್ಣ ಬೆಳಿಗ್ಗೆ ಬೆಳಿಗ್ಗೆಯೇ ನೋಡಲು ಹೇಳಿ. ತಿರುಗಿದರೆ ಭಾನುವಾರ ಅಂತ ಕಾಯಬೇಡಿ, ವೈದ್ಯರಿಗೆ ಫೋನ್ ಮಾಡಿ.